ಹಾಡಿನಡಿಯಲ್ಲಿ ಶುಕೂರನ ಕಥೆ

ಚನ್ನಪಟ್ಟಣದ ಶುಕೂರ್ ಗೊಂಬೆಗೆ ಬಣ್ಣ ಹಾಕುತ್ತಲೇ ಕಥೆ ಹೇಳುತ್ತಿದ್ದ. ತಿರುಗುವ ಮರಕ್ಕೆ ಒತ್ತಿದ ಅರಗು ಕರಗಿ ಮೆತ್ತಿಕೊಳ್ಳುವಷ್ಟರಲ್ಲಿ ಅವನ ಕಥೆಯ ಆನೆ ಹೆಂಡತಿಯ ಜೊತೆ ಜಗಳವಾಡಿ ಕಬ್ಬಾಳು ಬೆಟ್ಟ ಹತ್ತಿಬಿಟ್ಟಿರುತ್ತಿತ್ತು. ಕೇಳುವವರು ಇಬ್ಬರೇ, ಮಗಳು ಮಿಸ್ಬಾ ಮತ್ತು ಗೆಳೆಯ ಬಾಲರಾಜು.

ಬಾಲರಾಜು ಸಿನಿಮಾ ಪ್ರಚಾರದ ಆಟೋಗೆ ಮೈಕು ಕಟ್ಟಿ ಮಾಗಡಿ, ಕನಕಪುರ ಸುತ್ತಿದವನು. ಮೊದಲು ಹಾಡು, ಜನ ತಿರುಗಿ ನೋಡಿದ ಮೇಲೆ ಮಾತು. ಅವನು ಕಲಿತದ್ದು ಅಷ್ಟೇ.

"ಬರೀ ನಿನ್ ಕತೆ ಯಾರ್ ಕೇಳ್ತಾರ್ಲಾ? ಫೋನಲ್ಲಿ ವಿಡಿಯೋ ಮಾಡಿ, ಈಗ ಓಡ್ತಿರೋ ಪಿಚ್ಚರ್ ಹಾಡು ಹಾಕಾಣ. ಹಾಡಿಗೆ ಬಂದೋರು ನಿನ್ ಆನೆ ನೋಡ್ತಾರೆ."

"ನೋಡ್ಲಿ. ಕೇಳ್ತಾರೇನ್ಲಾ?"

"ಮೊದ್ಲು ಬರ್ಲಿ ಕಣ್ಲಾ."

ವಿಡಿಯೋ ನೋಡಲು ಜನ ಬಂದರು. ಶುಕೂರ್ ಹೇಳುವನು, ಬಾಲರಾಜು ಫೋನಿನಲ್ಲಿ ಹಿಡಿಯುವನು. ಹಾಡು ಕೂರಿಸುವಾಗ ಮರ ತಿರುಗಿಸುವ ಲೇತಿನ ಗರಗರದ ಜೊತೆ ಮಾತೂ ಅಡ್ಡ ಬರುತ್ತಿತ್ತು. ಮೂಲ ಶಬ್ದವನ್ನು ಪೂರ್ತಿ ತೆಗೆದುಬಿಡುತ್ತಿದ್ದ. ಫೋನು ತುಂಬಿದಾಗ, ಗೋಡೆಯ ಹಳೆ ಪೋಸ್ಟರ್ ಕಿತ್ತ ಹಾಗೆ, ಮೂಲ ವಿಡಿಯೋಗಳನ್ನೂ ಅಳಿಸುತ್ತಿದ್ದ.

"ನನ್ ಮಾತು ಯಾವಾಗ್ಲಾ?"

"ನೋಡೋರು ಲಕ್ಷ ಆಗ್ಲಿ, ಒಸಿ ತಡಿ."

ಲಕ್ಷವಾದ ವಾರವೇ ಬಿಡದಿಗೆ ಗೊಂಬೆ ಕೊಡಲು ಹೋದ ಶುಕೂರ್, ರೈಲು ನಿಲ್ದಾಣದ ಬೆಂಚಿನ ಮೇಲೆ ಎದೆ ಹಿಡಿದು ಕುಳಿತವನು ಮತ್ತೆ ಏಳಲಿಲ್ಲ.

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ ಮಿಸ್ಬಾ ಬಾಲರಾಜುವಿನ ಪಕ್ಕ ಬಂದು ಕುಳಿತಳು.

"ಮಾಮಾ, ಅಬ್ಬಾ ಕತೆ ಹೇಳೋದು ಕೇಳ್ಸಿ. ನನ್ ಫೋನಲ್ಲಿ ಅವ್ರ ದನೀಲಿ ಬರೀ ಹಾಲು ತಗೊಂಬಾ, ಬಾಗ್ಲು ಹಾಕ್ಕೋ ಅನ್ನೋದೇ ಐತೆ. ದಿನಾ ಮನೇಲೇ ಇರ್ತಿದ್ರಲ್ಲ ಅಂತ ನಾನು ಕತೆ ಹಿಡ್ಕೊಂಡಿಲ್ಲ."

ಬಾಲರಾಜು ಅರವತ್ತೊಂದು ವಿಡಿಯೋಗಳನ್ನೂ ತೆರೆದ. ಅರವತ್ತೊಂದರಲ್ಲೂ ಹಾಡು. ಕೆಳಗೆ ಜನ ಬರೆದಿದ್ದರು: ಯಾವ ಪಿಚ್ಚರ್‌ದು ಈ ಹಾಡು?

ಮಿಸ್ಬಾ ಫೋನು ಕೈಗೆ ತೆಗೆದುಕೊಂಡು ಹಾಡಿನ ಸದ್ದನ್ನು ಅಡಗಿಸಿದಳು. ಸದ್ದಿಲ್ಲದ ಪರದೆಯಲ್ಲಿ ಅವಳ ಅಪ್ಪ ಅರಗು ಒತ್ತುತ್ತಾ ತಲೆ ಎತ್ತಿದ, ನಕ್ಕ. ತುಟಿ ಆಡುತ್ತಲೇ ಇತ್ತು. ಅಷ್ಟನ್ನೇ ಮತ್ತೆ ಮತ್ತೆ ಹಾಕಿ ನೋಡಿದಳು.

"ಇಲ್ಲಿ ಏನ್ ಹೇಳ್ತಾವ್ರೆ ಮಾಮಾ? ನೀವು ಎದುರಿಗೇ ಇದ್ರಲ್ಲ."

ಎದುರಿಗೇ ಇದ್ದ. ಎರಡು ಮಾರು ದೂರದಲ್ಲಿ ಫೋನು ಹಿಡಿದು ನಿಂತಿದ್ದ.

"ಬೆಳಕು ಸರಿಯಾಗಿ ಬೀಳ್ತಾ ಐತಾ ಅಂತ ನೋಡ್ತಿದ್ದೆ ಕಣವ್ವ," ಎಂದ ಬಾಲರಾಜು. "ನಾನೂ ಕೇಳಿಸ್ಕೊಂಡಿಲ್ಲ."