ಮೂರು ಕಲ್ಲು, ಒಂದು ಸಂಕ

ನಮ್ಮ ಬಟ್ಟೆ ಒಗೆಯುವ ಕಲ್ಲಿನ ಅಡಿಯಲ್ಲಿ ಅಕ್ಷರಗಳಿದ್ದವು. ನಾನು ಚಿಕ್ಕವಳಿದ್ದಾಗ ಅವನ್ನು ಬೆರಳಿನಿಂದ ಓದುತ್ತಿದ್ದೆ. ಕಲ್ಲಿನ ಒಂದು ಮೂಲೆ ನೆಲದಿಂದ ಎದ್ದು, ಕೆಳಗೆ ನನ್ನ ಅಂಗೈ ಹೋಗುವಷ್ಟು ಸಂದಿತ್ತು. ಒಳಗೆ ತಣ್ಣಗೆ, ಪಾಚಿ, ಸಾಬೂನಿನ ಜಿಡ್ಡು. ಒಂದೊಂದೇ ಅಕ್ಷರ ಸವರುತ್ತ ಹೋದರೆ ಕೊನೆಗೆ ಒಬ್ಬರ ಹೆಸರು ಸಿಗುತ್ತಿತ್ತು. ಅದು ನಮ್ಮ ಸಾಹೇಬರ ಹೆಸರು.

ಹಾರವಾಡದ ಹತ್ತಿರ, ಹಳ್ಳದ ಈಚೆ ದಡದಲ್ಲಿ ನಮ್ಮ ಕೇರಿ. ರಸ್ತೆ, ಚಹದಂಗಡಿ, ಹೈಸ್ಕೂಲು ಎಲ್ಲ ಆಚೆ ದಡದಲ್ಲಿ. ನಡುವೆ ಎರಡು ತೆಂಗಿನ ಮರ ಅಡ್ಡ ಹಾಕಿದ ಸಂಕವೊಂದಿತ್ತು. ಆ ವರ್ಷದ ಮಳೆಗೆ ಅದೂ ತೇಲಿಹೋಯಿತು. ಸಮುದ್ರ ಇಳಿದಾಗ ಮೊಣಕಾಲು ನೀರು, ಏರಿದಾಗ ಕುತ್ತಿಗೆಯವರೆಗೆ. ಒಂದು ದಿನ ಅಕ್ಕ ನಡುನೀರಿನಲ್ಲಿ ಜಾರಿ, ಪುಸ್ತಕವನ್ನೆಲ್ಲ ಒದ್ದೆ ಮಾಡಿಕೊಂಡು ಬಂದಳು. ಅಪ್ಪ ಪುಸ್ತಕಗಳನ್ನು ಒಂದೊಂದಾಗಿ ಒಲೆಯ ಪಕ್ಕ ಹರಡಿದರು. ಆಮೇಲೆ, "ಈ ಸಲ ಸಂಕ ಆಗದಿದ್ರೆ ಶಾಲೆ ಸಾಕು. ಅವ್ವನ ಸಂಗ್ತಿ ಗದ್ದೆ ನೆಟ್ಟಿಗೆ ಹೋಗು" ಎಂದರು. ಅಕ್ಕ ಆಗ ಒಂಬತ್ತನೆಯ ತರಗತಿ. ನಮ್ಮ ಕೇರಿಯಿಂದ ಹೈಸ್ಕೂಲಿಗೆ ಹೋದ ಹುಡುಗಿ ಅವಳೊಬ್ಬಳೇ.

ಸಾಹೇಬರ ಜೀವನಚರಿತ್ರೆಯನ್ನು ನಾನು ಓದಿದ್ದು ಪುಸ್ತಕದಲ್ಲಲ್ಲ, ಕಲ್ಲಿನಲ್ಲಿ. ನಮ್ಮ ಬಟ್ಟೆ ಕಲ್ಲು ಅವರು ಹಾಕಿದ ಮೊದಲ ಅಡಿಗಲ್ಲು. ಅದರಲ್ಲಿ ಸೇತುವೆಯ ಮಾತು ದೊಡ್ಡದಾಗಿ, ಅವರ ಹೆಸರು ಮೂಲೆಯಲ್ಲಿ ಸಣ್ಣದಾಗಿ, ಮುಂದೆ 'ಸಮಾಜ ಸೇವಕರು' ಎಂದಿತ್ತು. ಆಗ ಅವರು ಚಪ್ಪಲಿ ಕೈಯಲ್ಲಿ ಹಿಡಿದು ಕೆಸರು ದಾಟಿ ಬಂದಿದ್ದರಂತೆ. ಕಲ್ಲನ್ನು ಬಿದಿರಿಗೆ ಕಟ್ಟಿ ಒಂದು ತುದಿಗೆ ಅಪ್ಪ, ಇನ್ನೊಂದು ತುದಿಗೆ ಅವರು ಹೆಗಲು ಕೊಟ್ಟಿದ್ದರಂತೆ. ನಮ್ಮ ಮನೆಯ ಜಗಲಿಯಲ್ಲೇ ಗಂಜಿ, ಒಣಸಿಗಡಿ ಚಟ್ನಿ ಉಂಡು ಹೋಗಿದ್ದರು. ಎರಡನೆಯ ಕಲ್ಲಿನಲ್ಲಿ ಅವರು 'ಶಾಸಕರು'. ಹೆಸರು ನಡುವಿಗೆ ಬಂದಿತ್ತು. ಅದು ನಮ್ಮ ಬೇಲಿಯ ದಣಪೆ ದಾಟಲು ಮೆಟ್ಟಿಲಾಗಿತ್ತು. ಮೂರನೆಯದರಲ್ಲಿ 'ಮಾನ್ಯ ಸಚಿವರು'. ಹೆಸರು ಎಷ್ಟು ದೊಡ್ಡದೆಂದರೆ ಸೇತುವೆ ಎಂಬ ಪದಕ್ಕೆ ಜಾಗ ಸಾಲದೆ ಕೊನೆಯ ಸಾಲಿನಲ್ಲಿ ಮುದುಡಿ ಕೂತಿತ್ತು. ಆ ಕಲ್ಲನ್ನು ಆಚೆ ದಡದಲ್ಲೇ, ಕಾರಿನ ಪಕ್ಕದಲ್ಲೇ ಹಾಕಿದ್ದರು. ಅದರ ಮೇಲೆ ಜನ ಕುಳಿತು ಚಹ ಕುಡಿಯುತ್ತಿದ್ದರು.

ನಾಲ್ಕನೆಯ ಕಲ್ಲು ಹಾಕಲು ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ಹೆಂಗಸರು ಆರತಿ, ತೆಂಗಿನಕಾಯಿ ತರಬೇಕೆಂದು ಅವರ ಜನ ಹೇಳಿಹೋದರು. ಆ ಸಂಜೆ ಬಾವಿಕಟ್ಟೆಯಲ್ಲಿ ಅಕ್ಕ, "ಕಾಯಿ ಒಡೆಯೂಕೆ ಕೊಡೂದು ಬೇಡ" ಎಂದಳು.

"ಕೊಡೂದಿಲ್ಲ ಅಂದ್ರೆ ಸಿಟ್ಟಾಗ್ತ್ರು" ಎಂದಳು ಅವ್ವ.

"ಕೊಡೂದಿಲ್ಲ ಅಂತ ಯಾರು ಹೇಳೂದು? ಮುಡಿಪು ಕಟ್ಟುವ."

ನಮ್ಮ ಕಡೆ ಹರಕೆ ಹೊತ್ತವರು ಕಾಯಿಯನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿಡುತ್ತಾರೆ. ಅದೇ ಮುಡಿಪು. ಬೇಡಿಕೊಂಡ ಕೆಲಸ ಆಗುವ ತನಕ ಅದನ್ನು ಯಾರೂ ಒಡೆಯುವಂತಿಲ್ಲ, ಎಂಥ ದೊಡ್ಡವರಾದರೂ. ಅವ್ವ ಬಿಂದಿಗೆ ಕೆಳಗಿಟ್ಟು ಅಕ್ಕನ ಮುಖವನ್ನೇ ನೋಡಿದಳು. ನೋಡುತ್ತ ನೋಡುತ್ತ ನಗತೊಡಗಿದಳು.

ಮರುದಿನ ನೀರು ಇಳಿದ ಹೊತ್ತಿಗೆ ಅಪ್ಪ ಮತ್ತು ಕೇರಿಯ ಗಂಡಸರು ಎರಡು ಕಲ್ಲುಗಳನ್ನು ಬಿದಿರಿಗೆ ಕಟ್ಟಿ ಹಳ್ಳ ದಾಟಿಸಿದರು. ಅಪ್ಪನಿಗೆ ಇದು ಇಷ್ಟವಿರಲಿಲ್ಲ. ಆದರೂ ಮೊದಲ ಕಲ್ಲಿಗೆ ಹೆಗಲು ಕೊಡಲು ಬೇರೆ ಯಾರನ್ನೂ ಬಿಡಲಿಲ್ಲ. ಚಹದಂಗಡಿಯವನು ಮೂರನೆಯದನ್ನು ಒರೆಸುತ್ತ, "ಸಚಿವ್ರ ಮೇಲೆ ಕೂತ್ಕಂಡು ಚಾ ಕುಡೂಕೆ ಸಿಗೂದು ಇದೊಂದೇ ಅಂಗಡೀಲಿ. ಸಂಜೀಗೆ ವಾಪಸ್ ಕೊಡಿ ಮತ್ತೆ" ಎಂದ. ಮೂರನ್ನೂ ತೆಂಗಿನ ನಾರಿನಿಂದ ತಿಕ್ಕಿ ತೊಳೆದು, ಸಾಲಾಗಿ ನಿಲ್ಲಿಸಿ, ದಾಸವಾಳ ಇಟ್ಟೆವು. ಪಕ್ಕದಲ್ಲಿ ಹೊಳೆಯುವ ನಾಲ್ಕನೆಯ ಕಲ್ಲು ಪರದೆಯೊಳಗೆ ಕಾಯುತ್ತಿತ್ತು.

ಸಾಹೇಬರು ಬಂದರು. ಬಿಳಿ ಜುಬ್ಬ, ನರೆತ ತಲೆ, ಕೊರಳಲ್ಲಿ ಚೆಂಡುಹೂವಿನ ಹಾರ. ಕೈಮುಗಿದು, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ಮಾತಾಡಿಸಿದರು. ಅಷ್ಟು ವರ್ಷವಾದರೂ ಒಬ್ಬರ ಹೆಸರೂ ತಪ್ಪಲಿಲ್ಲ. ಆಮೇಲೆ ಕಾಯಿಗಾಗಿ ಕೈ ಚಾಚಿದರು. ಅಕ್ಕ ತಟ್ಟೆ ಮುಂದೆ ಹಿಡಿದಳು. ಹಳದಿ ಗಂಟು ನೋಡಿ ಅವರ ಕೈ ಅಲ್ಲೇ ನಿಂತಿತು.

"ಇದು ಮುಡಿಪು, ಸಾಹೇಬ್ರೆ. ಸಂಕ ಆದ್ಮೇಲೆ ಒಡೆಯೂದು."

"ಬೇರೆ ಕಾಯಿ ತಕಂಡು ಬನ್ನಿ" ಎಂದು ಹಿಂದಿನಿಂದ ಒಬ್ಬ ಕೂಗಿದ. ಹೆಂಗಸರೆಲ್ಲ ತಟ್ಟೆಯ ಮೇಲಿನ ಬಾಳೆಲೆ ಸರಿಸಿದರು. ಪ್ರತಿ ತಟ್ಟೆಯಲ್ಲೂ ಒಂದು ಹಳದಿ ಗಂಟು.

"ಮೂರು ಸಲ ಒಡ್ದದ್ದಾಯ್ತು" ಎಂದಳು ಅವ್ವ. "ಮೂರೂ ಕಾಯಿ ಚಟ್ನಿ ಆಯ್ತು. ಸಂಕ ಆಗ್ಲಿಲ್ಲ."

ಸಾಹೇಬರು ಮೊದಲ ಕಲ್ಲಿನ ಮುಂದೆ ಬಗ್ಗಿ, ಮೂಲೆಯ ತಮ್ಮ ಹೆಸರಿನ ಮೇಲೆ ಬೆರಳಾಡಿಸಿದರು, ನಾನು ಆಡಿಸುತ್ತಿದ್ದ ಹಾಗೆಯೇ. ತಿರುಗಿ ಅಪ್ಪನನ್ನು ನೋಡಿ, "ಇದರ ಆಚೆ ತುದಿ ನೀ ಹಿಡ್ದಿದ್ದೆ, ಅಲ್ವೇನೋ?" ಎಂದರು.

"ಹೌದು ಸಾಹೇಬ್ರೆ. ಇವತ್ತೂ ನಾನೇ ಹಿಡ್ದದ್ದು" ಎಂದರು ಅಪ್ಪ. "ಈಚೆ ತುದಿಗೆ ಮಾತ್ರ ಬೇರೆಯವ್ರನ್ನ ಹುಡುಕ್ಬೇಕಾಯ್ತು."

ಪರದೆ ಸರಿಯಲಿಲ್ಲ. ಕಾರು ಹೊರಟಿತು. ಅವರ ಜನರಲ್ಲೊಬ್ಬ, "ಇನ್ನು ಈ ಕೇರಿಗೆ ಒಂದು ಹಿಡಿ ಮಣ್ಣೂ ಬರೂದಿಲ್ಲ" ಎಂದು ಹೇಳಿ ಹೋದ. ಅಕ್ಕ ತಟ್ಟೆಯನ್ನು ಸೊಂಟಕ್ಕೆ ಒತ್ತಿಕೊಂಡು ಅವನನ್ನೇ ನೋಡುತ್ತ ನಿಂತಿದ್ದಳು. ಸೋತೆವೋ ಗೆದ್ದೆವೋ ನನಗೆ ತಿಳಿಯಲಿಲ್ಲ. ನೀರು ಏರುವ ಮೊದಲು ಎಲ್ಲರೂ ಹಳ್ಳ ದಾಟಿ ಬಂದೆವು. ಮನೆಯಲ್ಲಿ ಮುಡಿಪನ್ನು ಮಾಡಿನ ಜಂತಿಗೆ ತೂಗುಹಾಕಿದೆವು. ಶಾಲೆಯ ಬಗ್ಗೆ ಅಪ್ಪ ಒಂದು ಮಾತೂ ಆಡಲಿಲ್ಲ.

ಕೊನೆಗೆ ಸಾಹೇಬರೇ ಮಂಜೂರು ಮಾಡಿಸಿದ ಸಂಕ ಬಂದದ್ದು ಇನ್ನೆರಡು ಮಳೆಗಾಲ ಕಳೆದ ಮೇಲೆ. ಅಷ್ಟರಲ್ಲಿ ಮುಡಿಪಿನ ನೀರು ಒಣಗಿ, ಅಲುಗಿಸಿದರೆ ಒಳಗೆ ಕೊಬ್ಬರಿ ಕುಲುಕುತ್ತಿತ್ತು. ಕಾಯಿ ಒಡೆಯುವ ದಿನ ಸಾಹೇಬರು ಕಲ್ಲಿಲ್ಲದೆ ಬಂದಿದ್ದರು. ಕೊಬ್ಬರಿ ಚೂರು ತಿಂದು, "ರುಚಿ ಅದೆ" ಎಂದರು. ಆಮೇಲೂ ಬಹಳ ವರ್ಷ ಅವರೇ ಗೆದ್ದರು. ನಮ್ಮ ಅವ್ವನೂ ಅವರಿಗೇ ಓಟು ಹಾಕುತ್ತಿದ್ದಳು. ಯಾಕೆಂದು ಕೇಳಿದರೆ, "ಕೇಳೂಕೆ ಒಬ್ರು ಬೇಕಲ್ಲ" ಎನ್ನುತ್ತಿದ್ದಳು.

ಮಕ್ಕಳೇ, ನೀವು ರಜೆಯಲ್ಲಿ ಬರುವಾಗ ನಿಮ್ಮ ಕಾರು ಆ ಸಂಕವನ್ನು ಒಂದು ಹಾಡಿನ ಒಂದು ಸಾಲು ಮುಗಿಯುವಷ್ಟರಲ್ಲಿ ದಾಟುತ್ತದೆ. ಕೆಳಗೆ ನೀರಿದೆಯೆಂದು ನೀವು ನೋಡುವುದೂ ಇಲ್ಲ. ನೋಡಲೇಬೇಕೆಂದು ನಾನು ಹೇಳುವುದಿಲ್ಲ. ಶಾಲೆಗೆ ಹೋಗುವುದೆಂದರೆ ನಿಮಗೆ ವ್ಯಾನಿನ ಹಾರ್ನ್ ಕೇಳಿ ಓಡುವುದು. ನಮಗೆ ಮೊದಲು ನೀರನ್ನು ನೋಡಬೇಕಿತ್ತು.

ಅಂದು ಕಲ್ಲು ಹಾಕದೆ ಸಾಹೇಬರು ಹೊರಟುಹೋದ ಮರುದಿನ ಬೆಳಗ್ಗೆ ನೀರು ಇನ್ನೂ ಪೂರ್ತಿ ಇಳಿದಿರಲಿಲ್ಲ. ಅಕ್ಕ ಎಂದಿಗಿಂತ ಬೇಗ ಎದ್ದು, ಎರಡು ಜಡೆ ಹೆಣೆದು, ಲಂಗವನ್ನು ಎತ್ತಿ ಕಟ್ಟಿ, ಪುಸ್ತಕದ ಗಂಟನ್ನು ತಲೆಯ ಮೇಲಿಟ್ಟುಕೊಂಡಳು. ಯಾರನ್ನೂ ಕೇಳಲಿಲ್ಲ. ಅಪ್ಪ ಜಗಲಿಯಿಂದ ಎದ್ದು, ಕಲ್ಲು ಹೊತ್ತ ಅದೇ ಬಿದಿರನ್ನು ಕೈಗೆ ತೆಗೆದುಕೊಂಡು, ಆಳ ನೋಡುತ್ತ ಅವಳಿಗಿಂತ ಮುಂದೆ ಹಳ್ಳಕ್ಕೆ ಇಳಿದರು. ಅಕ್ಕ ಹಿಂದಿನಿಂದ ಇಳಿದಳು. ದಡದಲ್ಲಿ ನಿಂತಿದ್ದ ನಾನು ನನ್ನ ಲಂಗವನ್ನೂ ಎತ್ತಿ ಕಟ್ಟಿದೆ.