ಸೋತ ಮೇಲೂ ಕುಳಿತಿದ್ದವರು

ಅವರಿಗೆ ಸಿಟ್ಟು ಬಂದರೆ ಮೊದಲು ಎಡಗಿವಿ ಕೆಂಪಾಗುತ್ತಿತ್ತು, ಆಮೇಲೆ ಬಲಗಿವಿ. ದನಿ ಮಾತ್ರ ತಗ್ಗುತ್ತ ಹೋಗುತ್ತಿತ್ತು. ಎರಡೂ ಕಿವಿ ಕೆಂಪಾದ ದಿನ ಅವರ ಮಾತು ಕೇಳಬೇಕೆಂದರೆ ಕುರ್ಚಿ ಎಳೆದುಕೊಂಡು ಹತ್ತಿರ ಹೋಗಬೇಕಿತ್ತು.

ಸ್ವೀಡನ್ನಿನ ನಮ್ಮ ಕನ್ನಡ ಸಂಘ ಹುಟ್ಟಿದಾಗಿನಿಂದ ಅವರೇ ಅಧ್ಯಕ್ಷರು. ಉಡುಪಿ ಕಡೆಯವರು, ಸೋಡರ್‌ಟೆಲ್ಯೆಯ ಲಾರಿ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಪ್ರತಿ ಭಾನುವಾರ ಲೋಕಲ್ ರೈಲು ಹಿಡಿದು ನಾವಿರುವ ಸೊಲ್ಲೆಂಟುನಾಕ್ಕೆ ಬರುತ್ತಿದ್ದರು. ಕೊಮ್ಯೂನ್‌ನವರು, ಅಂದರೆ ಅಲ್ಲಿನ ನಗರಸಭೆಯವರು, ಬಿಟ್ಟುಕೊಟ್ಟಿದ್ದ ಕೋಣೆಯೊಂದರಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಮಕ್ಕಳು ಸ್ವೀಡಿಷ್‌ನಲ್ಲಿ ಉತ್ತರ ಕೊಟ್ಟರೆ ಕೇಳಿಸದವರಂತೆ ಕಿಟಕಿ ನೋಡುತ್ತ ಕೂರುವರು. ಕನ್ನಡ ಬಂದಮೇಲೇ ತಿರುಗುವರು.

ಅವರಿಗೊಂದು ಹುಚ್ಚಿತ್ತು. ಅಮೆರಿಕ ಎಂಬ ದೇಶ ಹುಟ್ಟಿದ ಮೊದಲ ಕೆಲವು ದಶಕಗಳಲ್ಲಿ ಯಾರು ಯಾರೊಂದಿಗೆ ಕಾದಾಡಿದರು, ಯಾರು ರಾಜಿಯಾದರು, ಯಾರು ಯಾರಿಗೆ ಮೋಸ ಮಾಡಿದರು, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿ. ಅಮೆರಿಕಕ್ಕೆ ಅವರು ಕಾಲಿಟ್ಟವರೇ ಅಲ್ಲ. ಹೋದರೆ ಈಗಿನದು ಕಣ್ಣಿಗೆ ಬಿದ್ದು ಹಳೆಯದು ಮಸುಕಾಗುತ್ತದೆ ಎನ್ನುತ್ತಿದ್ದರು. ಆ ಹೊಸ ದೇಶದ ಯುದ್ಧದಲ್ಲಿ ಸೇರದೆಯೂ ಮೊದಲು ಸ್ನೇಹದ ಒಪ್ಪಂದ ಮಾಡಿಕೊಂಡದ್ದು ಸ್ವೀಡನ್ ಎಂದು ಸ್ವೀಡನ್ನಿನವರಿಗೇ ಪಾಠ ಮಾಡುತ್ತಿದ್ದರು. ಫೀಕಾ ಎಂಬ ಇಲ್ಲಿನ ಕಾಫಿ ಬಿಡುವಿನಲ್ಲಿ ಅವರು ಕಾಫಿ ಬಗ್ಗಿಸುತ್ತಿದ್ದಂತೆ ನಾವು ಬೆಂಗಳೂರಿನವರು ಒಬ್ಬರನ್ನೊಬ್ಬರು ನೋಡಿಕೊಂಡು, ಇವತ್ತು ಯಾವ ಯುದ್ಧವೋ ಎಂದು ಪಿಸುಗುಡುತ್ತಿದ್ದೆವು.

ಅವರಿಗೆ ಅತಿ ಪ್ರಿಯನಾದವನು ಆ ದೇಶದ ಎರಡನೆಯ ಅಧ್ಯಕ್ಷ. ಫ್ರಾನ್ಸಿನ ಮೇಲೆ ಯುದ್ಧ ಸಾರಬೇಕೆಂದು ತನ್ನ ಪಕ್ಷದವರೇ ಕುಣಿಯುತ್ತಿದ್ದಾಗ ಅವನು ರಾಜಿಗೆ ದೂತರನ್ನು ಕಳಿಸಿದ. ಯುದ್ಧ ತಪ್ಪಿತು, ಪಕ್ಷ ಒಡೆಯಿತು, ಅವನು ಚುನಾವಣೆ ಸೋತ. ಗೆದ್ದವನು ಪ್ರಮಾಣವಚನ ತೆಗೆದುಕೊಳ್ಳುವ ದಿನ ಬೆಳಗಾಗುವ ಮೊದಲೇ ಗಾಡಿ ಹತ್ತಿ ಊರು ಬಿಟ್ಟ. ಇಲ್ಲಿಗೆ ಬಂದಾಗ ನಮ್ಮ ಅಧ್ಯಕ್ಷರ ಎಡಗಿವಿ ಕೆಂಪಾಗುತ್ತಿತ್ತು. "ಎಲ್ಲಾ ಸರಿ ಮಾಡಿದ. ಆ ಒಂದು ಬೆಳಿಗ್ಗೆ ನಿಲ್ಲಬೇಕಿತ್ತು," ಎನ್ನುತ್ತಿದ್ದರು. ಮನೆಯವರೊಬ್ಬರು ಮದುವೆಗೆ ಬಾರದೆ ಹೋದಷ್ಟು ನೋವಿನಿಂದ ಹೇಳುತ್ತಿದ್ದರು.

ಅವರ ವಿರುದ್ಧ ಚುನಾವಣೆಗೆ ನಿಂತವಳು ನಾನು. ನನಗಾಗ ಎಲ್ಲದಕ್ಕೂ ಅವಸರ. ದೊಡ್ಡ ಕಾರ್ಯಕ್ರಮ ಬೇಕು, ಹೊಸಬರು ಬೇಕು, ಈ ಮುದುಕರು ಪ್ರತಿಯೊಂದಕ್ಕೂ ಅಡ್ಡಗಾಲು ಎಂದು ನಂಬಿದ್ದೆ. ಸಂಘವೆಂದರೆ ಅವರ ಮನೆಯ ಜಗಲಿಯೇ ಎಂದು ಕೇಳಿ ವಾಟ್ಸಾಪ್ ಗುಂಪಿಗೆ ಉದ್ದನೆಯ ಸಂದೇಶವೊಂದನ್ನೂ ಹಾಕಿದೆ. ಬರೆಯುವಾಗ ಭಾರೀ ಖುಷಿಯಾಗಿತ್ತು. ಇಂದು ನೆನೆದರೆ ಮೈ ಹಿಡಿಯಾಗುತ್ತದೆ.

ಗೆದ್ದೆ. ಫಲಿತಾಂಶ ಓದಿದ್ದೇ ತಡ, ಅವರ ಕಡೆಯ ಕರಾವಳಿಯ ಮನೆಗಳವರೆಲ್ಲ ಎದ್ದು ನಿಂತರು. ಒಬ್ಬರು ಮೈಕು ಹಿಡಿದು, ನಾವು ಬೇರೆ ಸಂಘ ಕಟ್ಟುತ್ತೇವೆ, ನಮ್ಮ ಮಕ್ಕಳನ್ನೂ ಕರೆದುಕೊಂಡು ಹೋಗುತ್ತೇವೆ ಎಂದರು. ಇದ್ದ ಮಕ್ಕಳೇ ಬೆರಳೆಣಿಕೆಯಷ್ಟು. ಎರಡು ಪಾಲಾದರೆ ಅಷ್ಟು ಕಡಿಮೆ ಮಕ್ಕಳಿಗೆಂದು ಕೊಮ್ಯೂನ್ ಯಾರಿಗೂ ಕೋಣೆ ಕೊಡುವುದಿಲ್ಲ, ಕನ್ನಡದ ತರಗತಿ ಅಲ್ಲಿಗೇ ಮುಗಿಯುತ್ತದೆ. ನಾನು ಗೆದ್ದದ್ದು ಖಾಲಿ ಕೋಣೆಯನ್ನೇ ಎನಿಸಿತು.

ಎಲ್ಲರೂ ಅವರತ್ತ ನೋಡಿದರು. ಎರಡೂ ಕಿವಿ ಕೆಂಪಾಗಿದ್ದವು. ಅವರು ಏಳಲಿಲ್ಲ. ಬೇರೆ ಬೇರೆ ಊರಿನವರು ಸೇರಿದಲ್ಲಿ ಎಂದೂ ತಮ್ಮೂರಿನ ಕನ್ನಡವಾಡದೆ ತಿದ್ದಿಕೊಂಡು ಮಾತಾಡುತ್ತಿದ್ದವರು, ಅಂದು ತಿದ್ದಲಿಲ್ಲ.

"ಸೋತವ ನಾನು. ನಾನು ಇಲ್ಲೇ ಕೂತಿದ್ದೇನೆ. ನೀವು ಎಂತಕ್ಕೆ ಏಳುದು ಮಾರಾಯ್ರೆ?"

ಅಷ್ಟೇ. ದನಿ ಎಷ್ಟು ತಗ್ಗಿತ್ತೆಂದರೆ ಬಾಗಿಲವರೆಗೆ ಹೋಗಿದ್ದವರು ಏನಂದರು ಎಂದು ಕೇಳಲು ಹಿಂದಕ್ಕೆ ಬಂದರು. ಬಂದವರು ಸ್ವಲ್ಪ ಹೊತ್ತು ನಿಂತು, ಒಬ್ಬೊಬ್ಬರಾಗಿ ಕೂತರು. ನಾನು ಮಾಡಬೇಕಿದ್ದ ಭಾಷಣ ಕೈಯಲ್ಲೇ ಉಳಿಯಿತು. ನಾನು ಅಂದು ಕಂಡದ್ದನ್ನು ಇನ್ನೊಮ್ಮೆ ಕಂಡಿಲ್ಲ.

ಮುಂದಿನ ಭಾನುವಾರ ಎಂದಿನ ರೈಲಿಗೇ ಬಂದು ಪಾಠ ಮಾಡಿದರು. ನಾನು ಹತ್ತಿರ ಹೋಗಿ, ಆ ಮೆಸೇಜ್ ಹಾಕ್ಬಾರ್ದಿತ್ತು ಸರ್, ಸಾರಿ ಎಂದೆ. ಹಲಗೆ ಒರೆಸುತ್ತಲೇ, "ಓದಿದ್ದೇನೆ. ಅರ್ಧ ನಿಜವೇ," ಎಂದರು. ಯಾವ ಅರ್ಧವೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಅಲ್ಲಿಂದಾಚೆ ಯಾವ ತೊಡಕು ಬಂದರೂ ನಾನು ಮೊದಲು ಫೋನ್ ಮಾಡುತ್ತಿದ್ದದ್ದು ಅವರಿಗೇ. ಉತ್ತರ ಹೇಳುತ್ತಿರಲಿಲ್ಲ. ಇನ್ನೂರು ವರ್ಷ ಹಿಂದಿನ ಯಾವುದೋ ಸಂಧಾನದ ಕಥೆ ಹೇಳಿ, ಕಾಫಿ ಆರಿತು ಎಂದು ಫೋನ್ ಇಡುತ್ತಿದ್ದರು.

ಈ ವರ್ಷ ನಾನು ಸೋತೆ. ಟ್ರೋಲ್‌ಹೆಟ್ಟನ್ ಎಂಬ ಊರಿನಲ್ಲಿ ಓದಿ ಇಲ್ಲಿ ಕೆಲಸಕ್ಕೆ ಸೇರಿದ ಹುಡುಗನೊಬ್ಬ ಗೆದ್ದ. ನನ್ನ ಕಡೆಯವರು ಕುದಿಯುತ್ತಿದ್ದರು. ಬೇರೆ ಸಂಘಕ್ಕೆ ಹೆಸರೂ ಆಗಿತ್ತು, ಅರ್ಜಿಯೂ ಸಿದ್ಧವಿತ್ತು. ನನ್ನ ಸಹಿಯೊಂದೇ ಬಾಕಿ. ಹಾಕುವವಳೇ ಇದ್ದೆ.

ಅದೇ ವಾರ ಅವರು ಸೋಡರ್‌ಟೆಲ್ಯೆಯ ಆಸ್ಪತ್ರೆಯಲ್ಲಿದ್ದಾರೆಂದು ತಿಳಿದು ಹೋದೆ. ಬಹಳ ಇಳಿದುಹೋಗಿದ್ದರು, ಕಿವಿಗಳೂ ಬೆಳ್ಳಗೆ. ಚುನಾವಣೆಯ ಸುದ್ದಿ ಅವರಿಗೆ ಯಾರೋ ಮುಟ್ಟಿಸಿದ್ದರು. ಸಮಾಧಾನ ಹೇಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. "ಸಂಘ ಒಂದೇ ಉಂಟಲ್ಲ?" ಎಂದು ಕೇಳಿದರು.

"ಒಂದೇ ಇದೆ ಸರ್," ಎಂದೆ.

"ಹಾಗಾದರೆ ಸಾಕು," ಎಂದು ಕಣ್ಣು ಮುಚ್ಚಿದರು.

ಹಿಂತಿರುಗುವ ರೈಲಿನಲ್ಲಿ ಕೂತು ನಮ್ಮವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿದೆ. ನಾನು ಸಹಿ ಹಾಕುವುದಿಲ್ಲ, ಅರ್ಜಿ ಹರಿದು ಹಾಕಿ ಎಂದೆ. ಕೆಲವರು ಬೈದರು. ಗೆಳತಿಯೊಬ್ಬಳು ಇಂದಿಗೂ ಮಾತು ಬಿಟ್ಟಿದ್ದಾಳೆ. ಶನಿವಾರ ಹೊಸ ಅಧ್ಯಕ್ಷನ ಮೊದಲ ಸಭೆಗೆ ಹೋದೆ. ನಮ್ಮವರಲ್ಲಿ ಹೆಚ್ಚಿನವರೂ ಬಂದರು.

ಮೂರು ದಿನಗಳ ನಂತರ ಅವರು ತೀರಿಕೊಂಡರು. ಸಂಘ ಒಂದೇ ಇದೆ ಎಂದಾಗ ನನ್ನ ಮನಸ್ಸಿನಲ್ಲಿ ಅದು ಆಗಲೇ ಎರಡಾಗಿತ್ತು, ಆಸ್ಪತ್ರೆಯಲ್ಲಿ ನಾನು ಅವರಿಗೆ ಹೇಳಿದ್ದು ಸುಳ್ಳು. ಅವರು ಹೋಗುವ ಹೊತ್ತಿಗೆ ಅದು ನಿಜವಾಗಿತ್ತು.