ಕಣ್ಣೀರಿನಷ್ಟು ಉಪ್ಪು

ನಮಗೆ ಇತಿಹಾಸ ಕಲಿಸುತ್ತಿದ್ದ ಅಕ್ಕೋರ ತೋರುಬೆರಳು ಸೊಟ್ಟಗಿತ್ತು. ನಕಾಶೆಯಲ್ಲಿ ವಿಜಾಪುರ ತೋರಿಸಹೋದರೆ ಬೆರಳ ತುದಿ ಸೊಲ್ಲಾಪುರಕ್ಕೆ ತಾಗುತ್ತಿತ್ತು. ನಾವು ನಕ್ಕರೆ ಅವರೂ ನಗುತ್ತಿದ್ದರು.

ಹಿಪ್ಪರಗಿ ಹತ್ತಿರದ ನಮ್ಮೂರ ಹೈಸ್ಕೂಲಿನಲ್ಲಿ ಅವರು ರಾಜರ ಪಟ್ಟಾಭಿಷೇಕ ಬೇಗ ಮುಗಿಸಿ ಆ ಕಾಲದ ಅಡುಗೆಮನೆಗೆ ಬರುತ್ತಿದ್ದರು. ಕಡಲ ಕಡೆಯಿಂದ ಉಪ್ಪು ಹೇರಿಕೊಂಡು ಘಟ್ಟ ಹತ್ತುವ ಎತ್ತುಗಳು, ಅವು ತಡವಾದರೆ ಸಪ್ಪೆ ಉಣ್ಣುವ ಊರುಗಳು, ಬಾವಿ ಬತ್ತಿದ್ದಕ್ಕೆ ಕೋಟೆಯ ಬಾಗಿಲು ತೆರೆದ ಸರದಾರ. ಒಂದು ಮಾತನ್ನಂತೂ ಪ್ರತಿ ವರ್ಷ ಹೇಳುವರು: “ದಂಡಿನ ಮಂದಿ ಕತ್ತಿಗಿಂತ ವಾಂತಿಭೇದಿಗೆ ಹೆಚ್ಚ ಸತ್ತಾರ. ಚೀಲದಾಗ ಉಪ್ಪಿತ್ತು, ಬಾವ್ಯಾಗ ನೀರಿತ್ತು. ಕೂಡಿಸಿ ಕುಡಸಬೇಕು ಅನ್ನೂದು ಯಾರಿಗೂ ತಿಳೀಲಿಲ್ಲ.”

ನಾನು ಮಗಳನ್ನೆತ್ತಿಕೊಂಡು ಪಂಚಮಿಗೆ ತವರಿಗೆ ಬಂದ ವರ್ಷ ಕೃಷ್ಣೆ ಊರೊಳಗೆ ನುಗ್ಗಿದಳು. ನಾವೆಲ್ಲ ದಿಬ್ಬದ ಮೇಲಿನ ಅದೇ ಶಾಲೆ ಸೇರಿದೆವು. ನಿವೃತ್ತರಾಗಿದ್ದ ಅಕ್ಕೋರು ಅಲ್ಲಿ ಗಂಜಿಯ ಒಲೆ ನೋಡಿಕೊಳ್ಳುತ್ತಿದ್ದರು. ಜಮಖಂಡಿ ರಸ್ತೆ ಮುಳುಗಿತ್ತು. ಇನ್ನೂ ಮಾತು ಕಲಿಯುತ್ತಿದ್ದ ಮಗಳಿಗೆ ಭೇದಿ ಹತ್ತಿತು. ಮಧ್ಯಾಹ್ನದ ಹೊತ್ತಿಗೆ ಅತ್ತರೂ ಅವಳಿಗೆ ಕಣ್ಣೀರು ಬರದಾಯಿತು.

“ನೀರ ಕುಡಸಬ್ಯಾಡ, ಇನ್ನಷ್ಟ ಜಾಸ್ತಿ ಆಗತೈತಿ,” ಎಂದಳು ಅವ್ವ.

ಅಕ್ಕೋರು ಒಲೆಯ ಮೇಲಿನ ಗಂಜಿ ಇಳಿಸಿದರು. ತಂಬಿಗೆ ನೀರು ಕುದಿಸಿ, ಆರಿಸಿ, ಸಕ್ಕರೆ ಹಾಕಿ, ಚಿಟಿಕೆ ಉಪ್ಪು ಕದಡಿದರು. ತಾವು ರುಚಿ ನೋಡಿ ನನ್ನ ಅಂಗೈಗೂ ಹಾಕಿದರು. “ಕಣ್ಣೀರಿಗಿಂತ ಉಪ್ಪ ಆಗಬಾರದು, ನೋಡು.”

ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಚಮಚದಿಂದ ಕುಡಿಸತೊಡಗಿದರು. ಕಾರಿಕೊಂಡಳು. ಅವ್ವ ಮುಖ ತಿರುವಿದಳು. ಅಕ್ಕೋರು ತುಸು ತಡೆದು ಮತ್ತೆ ಚಮಚ ಎತ್ತಿದರು.

“ಹೆದರಬ್ಯಾಡ. ಕಾರಿದ್ದಕ್ಕಿಂತ ಒಳಗ ಉಳದದ್ದು ಹೆಚ್ಚೈತಿ.”

ಸಂಜೆಯಾಗುವಾಗ ಅವರ ಇಳಕಲ್ ಸೀರೆ ತೊಯ್ದಿತು. ಬೆಳಗಿನಿಂದ ಉಚ್ಚೆಯೇ ಹೊಯ್ಯದಿದ್ದ ಮಗಳು ಈಗ ಹೊಯ್ದಿದ್ದಳು. ಅಕ್ಕೋರು ಕೂತಲ್ಲಿಂದ ಅಲುಗಾಡದೆ ನಕ್ಕರು. “ಆತು. ಕೂಸು ನಿನಗ ಉಳೀತು.” ಅಲ್ಲಿಯವರೆಗೆ ಅಳು ಬಿಗಿಹಿಡಿದಿದ್ದ ನಾನು ಆಗ ಅತ್ತುಬಿಟ್ಟೆ.

ಮರುದಿನ ದೋಣಿಯಲ್ಲಿ ಬಂದ ಡಾಕ್ಟರು ಸಲಾಯಿನ್ ಬೇಡ ಎಂದರು. ಅಷ್ಟೊತ್ತಿಗೆ ಅವಳು ಬಿಸ್ಕೀಟಿಗೆ ಹಟ ಹಿಡಿದಿದ್ದಳು.

ಅಕ್ಕೋರು ತೀರಿಕೊಂಡಾಗ ಮಗಳು ಹೈಸ್ಕೂಲಿನಲ್ಲಿದ್ದಳು. ಅವರ ಮಣ್ಣಿಗೆ ಕರೆದೊಯ್ದೆ. ಅವರ ಮನೆಯವರು ಹಿಡಿಮಣ್ಣು ಹಾಕುವಾಗ ಅವಳನ್ನೂ ಮುಂದೆ ಕಳಿಸಿದೆ.

“ಈ ಹುಡುಗಿ ಅವರಿಗೇನಾಗಬೇಕ್ರಿ?” ಯಾರೋ ಕೇಳಿದರು.

“ಮೊಮ್ಮಗಳು,” ಅಂದೆ.